ಲೇಡೀಸ್ ಪಿಜಿಯ ಬಾಗಿಲಲ್ಲಿ ಹತ್ತು ತಿಂಗಳು

ಕೊನೆಗೂ ನನಗೊಂದು ರೂಮು ಸಿಕ್ಕಿದೆ. ದಾವಣಗೆರೆಯ ಒಂದು ಲೇಡೀಸ್ ಪಿಜಿಯ ಮೂರನೇ ಮಹಡಿ, ನೀರಿನ ಟ್ಯಾಂಕಿನ ಪಕ್ಕ. ಮಳೆಗಾಲದಲ್ಲಿ ಸೋರಿತು. ಬೇಸಿಗೆಯಲ್ಲಿ ಕಾದ ಹಂಚು ಆಗುತ್ತದಂತೆ. ಬಾಡಿಗೆ ಕೆಳಗಿನವರಿಗಿಂತ 1,500 ರೂಪಾಯಿ ಜಾಸ್ತಿ. ಇಷ್ಟಕ್ಕೇ ನಾನು 2025ರ ಜನವರಿಯಿಂದ ಅಕ್ಟೋಬರ್‌ವರೆಗೆ ಓಡಾಡಿದೆ. ನನ್ನ ಹಿಂದೆ ಬರುವವರಿಗೆ ಸ್ವಲ್ಪವಾದರೂ ಓಡಾಟ ಕಡಿಮೆಯಾಗಲಿ ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಪೇಪರಿನವರು ನನ್ನಂಥವರನ್ನು ಮಂಗಳಮುಖಿ ಅನ್ನುತ್ತಾರೆ. ಸರ್ಕಾರದ ಕಾಗದದಲ್ಲಿ ನಾವು ಲಿಂಗತ್ವ ಅಲ್ಪಸಂಖ್ಯಾತರು. ನಮ್ಮೂರಲ್ಲಿ ನಾನು ಜೋಗಮ್ಮ. ನಾನು ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವಳಲ್ಲ ಅಂದರೂ ಯಾರೂ ಕೇಳುವುದಿಲ್ಲ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಜಾತ್ರೆಗೆ ಹೊರಟವರು ದಾರಿಯಲ್ಲಿ ಸಿಕ್ಕರೆ ನನ್ನ ಕಾಲಿಗೂ ಒಂದು ನಮಸ್ಕಾರ ಹಾಕುತ್ತಾರೆ. ಮಾರನೇ ದಿನ ಅವರ ಹತ್ತಿರವೇ ಬಾಡಿಗೆಗೆ ಮನೆ ಕೇಳಿ ನೋಡಿ.

ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ಬಿ.ಕಾಂ. ಮಾಡಿದ್ದೇನೆ. ಜನವರಿಯಲ್ಲಿ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತು, ತಿಂಗಳಿಗೆ 13,500. ಮಾಲೀಕರು ನನ್ನ ಸೀರೆ ನೋಡಿದರು, ಅಂಕಪಟ್ಟಿಯಲ್ಲಿದ್ದ ಗಂಡು ಹೆಸರು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು, "ಲೆಕ್ಕ ತಪ್ಪಲ್ಲ ಅಲ್ವಾ?" ಇಂಥ ಮಾಲೀಕರು ಎಲ್ಲರಿಗೂ ಸಿಗುವುದಿಲ್ಲ ಅಂತ ನನಗೆ ಗೊತ್ತು. ಆದರೆ ಅಂಗಡಿ ಮುಚ್ಚುವುದು ರಾತ್ರಿ ಒಂಬತ್ತಕ್ಕೆ. ಅಷ್ಟರಲ್ಲಿ ನಮ್ಮೂರಿನ ಕೊನೇ ಬಸ್ಸು ಹೋಗಿಬಿಟ್ಟಿರುತ್ತದೆ.

ಆಗ ನನ್ನ ಆಧಾರ್‌ನಲ್ಲಿ ಪುರುಷ ಅಂತಲೇ ಇತ್ತು. ಹಾಗಾಗಿ ಯಾರನ್ನೂ ಒಪ್ಪಿಸುವ ಕಷ್ಟವಿಲ್ಲದೆ ಸಿಕ್ಕಿದ್ದು ಗಂಡಸರ ಪಿಜಿ. ಒಂಬತ್ತು ರಾತ್ರಿ ಇದ್ದೆ. ಸ್ನಾನ ಬೆಳಗಿನ ಜಾವ ಮೂರಕ್ಕೆ, ಎಲ್ಲರೂ ಏಳುವ ಮೊದಲು. ಐದನೇ ದಿನದಿಂದ ಆ ಹೊತ್ತಿಗೇ ಬಾಗಿಲ ಹೊರಗೆ ನಗು ಕೇಳಿಸತೊಡಗಿತು. ಒಂಬತ್ತನೇ ರಾತ್ರಿ ಯಾರೋ ಬಾಗಿಲು ಒದ್ದರು. ಅಷ್ಟೇ ಬರೆಯುತ್ತೇನೆ. ಬೆಳಗಾಗುವುದನ್ನೇ ಕಾದು, ಬ್ಯಾಗು ಹಿಡಿದು ಬಸ್ ನಿಲ್ದಾಣಕ್ಕೆ ಬಂದು ಕೂತೆ. "ಹೆಂಗಸರ ಜಾಗಕ್ಕೇ ಯಾಕೆ ಬರಬೇಕು, ಗಂಡಸರ ಜೊತೆ ಇರಬಹುದಲ್ಲ" ಅಂತ ಆಮೇಲೆ ಎಷ್ಟೋ ಜನ ಕೇಳಿದರು. ನನ್ನ ಉತ್ತರ ಆ ಒಂಬತ್ತು ರಾತ್ರಿ.

ಹೆಂಗಸರ ಪಿಜಿಗೆ ಹೋಗಬೇಕಾದರೆ ಮೊದಲು ಕಾಗದ ಸರಿಯಾಗಬೇಕು ಅಂದುಕೊಂಡೆ. ಅರ್ಧ ಸರಿ, ಅರ್ಧ ತಪ್ಪು. ಅದು ತಿಳಿದದ್ದು ಆಮೇಲೆ.

ಕಾಗದದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಬಂತು. 2020ರ ಜನವರಿ 10ರಿಂದ ಜಾರಿ. ಅದೇ ವರ್ಷ ನಿಯಮಗಳೂ ಬಂದವು, ಆನ್‌ಲೈನ್ ಪೋರ್ಟಲ್ ಕೂಡ ಶುರುವಾಯಿತು. ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಆದರೆ ಅರ್ಜಿ ಹಾಕುವುದು ಪೋರ್ಟಲ್‌ನಲ್ಲೇ, ಶುಲ್ಕವೂ ಇಲ್ಲ. ನಾನು ಹಾಕಿದಾಗ ಇದ್ದ ನಿಯಮದ ಪ್ರಕಾರ ಒಂದು ಅಫಿಡವಿಟ್ ಸಾಕಿತ್ತು. ಡಾಕ್ಟರ್ ತಪಾಸಣೆ ಕೇಳುವ ಹಾಗಿರಲಿಲ್ಲ, ಮೂವತ್ತು ದಿನದೊಳಗೆ ಪ್ರಮಾಣಪತ್ರ ಕೊಡಬೇಕಿತ್ತು. ಜಿಲ್ಲೆಯಲ್ಲಿ ಒಂದು ವರ್ಷದಿಂದ ವಾಸ ಇರಬೇಕಿತ್ತು, ಅದು ನನಗೆ ಇತ್ತು. ಅರ್ಜಿ ತಿರಸ್ಕಾರವಾದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದಿತ್ತು. ಆಗಾಗ ಸ್ಟೇಟಸ್ ನೋಡುತ್ತಿರಿ, ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಓದುವಾಗ ಎಷ್ಟು ಸಲೀಸು! ನೋಟರಿ ಹತ್ತಿರ ಹೋದಾಗ ಟೈಪ್ ಮಾಡುವ ಹುಡುಗನಿಗೆ ಇಂಥ ಅಫಿಡವಿಟ್ ಹೊಸದು. ಹೆಸರು ಬದಲಾವಣೆಯ ಹಳೆಯ ನಮೂನೆ ತೆಗೆದು ತುಂಬಿದ. "ಆಪರೇಷನ್ ಆಗಿದೆಯೇನ್ರೀ? ಅದನ್ನೂ ಹಾಕ್ಬೇಕಲ್ಲ" ಅಂದ. ಆಗಿನ ನಿಯಮದಲ್ಲಿ ಹಾಕಬೇಕಾಗಿರಲಿಲ್ಲ. ನಿಯಮದ ಜೊತೆಗೇ ನಮೂನೆ ಇತ್ತು, ಪ್ರಿಂಟ್ ತೆಗೆದುಕೊಂಡು ಹೋಗಿ ಅದನ್ನೇ ಪದಕ್ಕೆ ಪದ ಟೈಪ್ ಮಾಡಿಸಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ಅಪ್ಪನ ಹೆಸರಿನ ಇನಿಶಿಯಲ್ ಆಧಾರ್‌ನಲ್ಲಿ ಮುಂದೆ, ಅಫಿಡವಿಟ್‌ನಲ್ಲಿ ಹಿಂದೆ. ಇಪ್ಪತ್ತೆರಡು ದಿನ ಆದಮೇಲೆ ತಿದ್ದಿ ಕಳಿಸಿ ಅಂತ ಅರ್ಜಿ ವಾಪಸ್ ಬಂತು. ಸ್ಟಾಂಪ್ ಕಾಗದ, ಟೈಪಿಂಗ್, ನೋಟರಿ ಎಲ್ಲ ಸೇರಿ ಒಂದು ಸಲಕ್ಕೆ 450 ರೂಪಾಯಿ. ಎರಡು ಸಲ ಕೊಟ್ಟೆ. ಎರಡು ದಿನದ ಸಂಬಳವೂ ಹೋಯಿತು.

ಆ ದಿನಗಳಲ್ಲಿ ಗೆಳತಿಯೊಬ್ಬಳ ಅಕ್ಕನ ಮನೆಯಲ್ಲಿ, ನಿಟ್ಟುವಳ್ಳಿಯಲ್ಲಿ, ಹಾಲ್‌ನಲ್ಲಿ ಮಲಗುತ್ತಿದ್ದೆ. ಅವರ ಅತ್ತೆ ಏನೂ ಅನ್ನುತ್ತಿರಲಿಲ್ಲ. ಆದರೆ ನಾನು ಎದ್ದ ಮೇಲೆ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದರು, ದಿನಾ. ಅಷ್ಟು ಸಾಕು, ಅಲ್ವಾ?

ಎರಡನೇ ಸಲ ಅರ್ಜಿ ಸುಮ್ಮನೆ ಮುಂದೆ ಹೋಯಿತು. ಮೇ ಮೊದಲ ವಾರ ಅಂಗಡಿಯಲ್ಲಿ ಕೂತು ಸ್ಟೇಟಸ್ ನೋಡಿದಾಗ ಪ್ರಮಾಣಪತ್ರ, ಕಾರ್ಡು ಎರಡೂ ಬಂದಿದ್ದವು. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಿದೆ. ನಾನೇ ಇಟ್ಟುಕೊಂಡ ಹೆಸರು ಅಚ್ಚಾಗಿದ್ದನ್ನು ಮೊದಲ ಸಲ ನೋಡಿದ್ದು ಆಗ. ಸೀರೆ ಮಡಚುವ ರ‍್ಯಾಕಿನ ಹಿಂದೆ ಹೋಗಿ ಅತ್ತೆ. ಲ್ಯಾಮಿನೇಷನ್‌ಗೆ 30 ರೂಪಾಯಿ.

ಆಮೇಲೆ ಆಧಾರ್. ಆಗ ತಿದ್ದುಪಡಿಗೆ 50 ರೂಪಾಯಿ ಇತ್ತು, ಅಕ್ಟೋಬರ್‌ನಿಂದ 75 ಆಗಿದೆ. ಈ ಪ್ರಮಾಣಪತ್ರವನ್ನು ದಾಖಲೆಯಾಗಿ ಒಪ್ಪುತ್ತಾರೆ. ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಆಧಾರ್‌ನಲ್ಲಿ ಲಿಂಗ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಅವಸರ ಮಾಡಬೇಡಿ. ನಾನು ಮಾಡಿದೆ. ಕಾರ್ಡಿನಲ್ಲಿ ಇದ್ದ ಹಾಗೆಯೇ ಟ್ರಾನ್ಸ್‌ಜೆಂಡರ್ ಅಂತ ಹಾಕಿಸಿದೆ.

ಸಿಕ್ಕಿಬಿದ್ದದ್ದು ಇಲ್ಲೇ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು, ಗಂಡು, ಹೆಣ್ಣು, ಮೂರನೇ ಲಿಂಗ ಇದರಲ್ಲಿ ಯಾವುದು ಅಂತ ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಅಂದಿತು. ಆದರೆ 2019ರ ಕಾಯ್ದೆಯಲ್ಲಿ ಎರಡು ಮೆಟ್ಟಿಲು ಮಾಡಿದ್ದಾರೆ. 6ನೇ ಸೆಕ್ಷನ್‌ನಲ್ಲಿ ಸಿಗುವುದು ಟ್ರಾನ್ಸ್‌ಜೆಂಡರ್ ಅನ್ನುವ ಪತ್ರ. ಹೆಣ್ಣು ಅಂತಲೋ ಗಂಡು ಅಂತಲೋ ಬೇಕಾದರೆ 7ನೇ ಸೆಕ್ಷನ್. ಅದಕ್ಕೆ ಚಿಕಿತ್ಸೆ ಆದ ಆಸ್ಪತ್ರೆಯ ದೊಡ್ಡ ಡಾಕ್ಟರ ಪತ್ರ ಬೇಕು. ನಾನು ಆ ಅರ್ಜಿ ಹಾಕಿಲ್ಲ. ಯಾಕೆ ಅನ್ನುವುದು ನನ್ನ ವಿಷಯ. ಈ ಹತ್ತು ತಿಂಗಳಲ್ಲಿ ನೋಟರಿ, ಪಿಜಿ ಓನರ್, ಬ್ಯಾಂಕಿನ ಕ್ಲರ್ಕ್, ಆಟೋದವನು ಎಲ್ಲರೂ ಅದನ್ನೇ ಕೇಳಿದ್ದಾರೆ. ಅವರಿಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಹಾಗಾಗಿ ಜನವರಿಯಲ್ಲಿ ಕಾಗದದ ಮೇಲೆ ನಾನು ಗಂಡು, ಲೇಡೀಸ್ ಪಿಜಿಗೆ ಆಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಗಂಡಲ್ಲ, ಆದರೂ ಲೇಡೀಸ್ ಪಿಜಿಗೆ ಆಗಲಿಲ್ಲ. "ನೀವೇ ಬೇರೆ ಅಂತ ಬರೆಸಿಕೊಂಡು ಬಂದಿದೀರಲ್ಲಮ್ಮ" ಅಂದರು ಒಬ್ಬರು. ನಿಜವೇ.

ನಾಲ್ಕು ಪಿಜಿಗಳ ಕಥೆ ಚಿಕ್ಕದಾಗಿ ಮುಗಿಸುತ್ತೇನೆ. ಒಂದರಲ್ಲಿ ಫೋನಿನಲ್ಲಿ ದನಿ ಕೇಳಿಯೇ ಖಾಲಿ ಇಲ್ಲ ಅಂದರು. ಇನ್ನೊಂದರಲ್ಲಿ ಮುಖ ನೋಡಿ ಒಪ್ಪಿದರು, 1,000 ಟೋಕನ್ ಇಸ್ಕೊಂಡರು, ಆಧಾರ್ ನೋಡಿ ಆಗಲ್ಲ ಅಂದರು. ದುಡ್ಡು ವಾಪಸ್ ಬರಲಿಲ್ಲ. ಮೂರನೆಯದರಲ್ಲಿ ಎರಡು ಪಟ್ಟು ಬಾಡಿಗೆ ಕೇಳಿದರು. ನಾಲ್ಕನೆಯದರ ಓನರ್ ಮರ್ಯಾದೆಯಿಂದಲೇ ಕೂರಿಸಿ ಟೀ ಕೊಟ್ಟು, "ನನಗೇನೂ ಇಲ್ಲ, ಮಕ್ಕಳ ಅಪ್ಪ-ಅಮ್ಮ ಒಪ್ಪಲ್ಲ" ಅಂದರು. ಆ ಟೀ ಕುಡಿದು ಎದ್ದು ಬರುವುದು ಬೈಸಿಕೊಂಡು ಬರುವುದಕ್ಕಿಂತ ಕಷ್ಟವಾಯಿತು.

ಇದರಿಂದ ಕಲಿತದ್ದು: ಟೋಕನ್ ಕೊಡುವ ಮೊದಲೇ ಕಾರ್ಡು ತೋರಿಸಿ. ಮುಚ್ಚಿಟ್ಟು ಒಳಗೆ ಹೋದರೆ ತಿಂಗಳು ಬಿಟ್ಟು ಗೊತ್ತಾಗುತ್ತದೆ. ಆಗ ಅವರು ಹೇಳುವುದು "ಮೋಸ" ಅಂತ. ಆ ಪದ ಹತ್ತಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ.

ಐದನೇ ಪಿಜಿ ಕಾಲೇಜುಗಳ ಹತ್ತಿರದ ಹಳೆಯ ಮನೆ. ಇಪ್ಪತ್ತೆರಡು ಹುಡುಗಿಯರು. ಓದುವವರು, ಅಂಗಡಿ-ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಓನರನ್ನು ಎಲ್ಲರೂ ಆಂಟಿ ಅನ್ನುತ್ತಾರೆ. ಕಾರ್ಡನ್ನು ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿದರು. "ಮಂಜಮ್ಮ ಜೋಗತಿ ಇದಾರಲ್ಲ, ಪದ್ಮಶ್ರೀ ತಗೊಳ್ಳೋವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ್ರಲ್ಲ, ಅವ್ರ ಥರಾನಾ?" ಅಂತ ಕೇಳಿದರು. ಜೋಗತಿ ನೃತ್ಯದ ಮಂಜಮ್ಮನವರ 2021ರ ಆ ವಿಡಿಯೋ ನೋಡದವರು ನಮ್ಮ ಕಡೆ ಕಡಿಮೆ. ನಾನು ಕುಣಿಯುವುದಿಲ್ಲ ಆಂಟಿ, ಬಿಲ್ ಹಾಕುತ್ತೇನೆ ಅಂದೆ. ನಕ್ಕರು. ಆಮೇಲೆ ಹೇಳಿದರು, "ನಾನು ಒಬ್ಬಳೇ ಹೂಂ ಅನ್ನೋಕಾಗಲ್ಲ. ಭಾನುವಾರ ಸಂಜೆ ಬಾ. ಹುಡುಗೇರ ಮುಂದೆ ನೀನೇ ಹೇಳು."

ಜೂನ್ ತಿಂಗಳ ಆ ಭಾನುವಾರದ ಹಿಂದಿನ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಕಾನೂನು ಪಾಯಿಂಟುಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಯಾವ ಸೀರೆ ಉಡಬೇಕು ಅಂತ ಅದಕ್ಕಿಂತ ಜಾಸ್ತಿ ಯೋಚಿಸಿದೆ. ಹೆಚ್ಚು ಅಲಂಕಾರ ಮಾಡಿಕೊಂಡರೆ "ವೇಷ" ಅನ್ನುತ್ತಾರೆ, ಮಾಡಿಕೊಳ್ಳದಿದ್ದರೆ "ಗಂಡಸಿನ ಹಾಗೇ ಇದಾನೆ" ಅನ್ನುತ್ತಾರೆ. ಕೊನೆಗೆ ಅಂಗಡಿಗೆ ಹಾಕುವ ಚೂಡಿದಾರದಲ್ಲೇ ಹೋದೆ.

ಆಂಟಿ ಮಂಡಕ್ಕಿ, ಮಿರ್ಚಿ ಮಾಡಿಸಿದ್ದರು. ಹದಿನಾರು ಜನ ಬಂದಿದ್ದರು. ನಾನು ಚೀಟಿ ತೆಗೆದು 2019ರ ಕಾಯ್ದೆಯ 3ನೇ ಸೆಕ್ಷನ್ ಓದಿದೆ. ಬಾಡಿಗೆಗೆ ಇರುವ ಹಕ್ಕನ್ನು ಟ್ರಾನ್ಸ್‌ಜೆಂಡರ್ ಅನ್ನುವ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ ಅಂತ ಅದರಲ್ಲಿದೆ. ಯಾರೂ ಮಾತಾಡಲಿಲ್ಲ. ಮಿರ್ಚಿ ಆರುತ್ತಿತ್ತು.

ಎಲ್‌ಎಲ್‌ಬಿ ಓದುವ ಹುಡುಗಿಯೊಬ್ಬಳು ತಯಾರಾಗಿಯೇ ಬಂದಿದ್ದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ" ಅಂತ ಮೊಬೈಲ್ ತೆಗೆದಳು. 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿ ಹೆಣ್ಣು ಅಂದರೆ ಹುಟ್ಟಿನಿಂದ ಹೆಣ್ಣಾದವಳು. ಸ್ಕಾಟ್ಲೆಂಡಿನ ಹೆಂಗಸರ ಸಂಘಟನೆಯೊಂದು ಹಾಕಿದ ಕೇಸು. ಐವರು ನ್ಯಾಯಮೂರ್ತಿಗಳದೂ ಒಂದೇ ಮಾತು. "ಅವರು ಹೆಂಗಸರಿಗೆ ಅಂತ ಇರೋ ಜಾಗ ಉಳಿಸಿಕೊಳ್ಳೋಕೆ ಅಷ್ಟು ವರ್ಷ ಕೋರ್ಟಿಗೆ ಅಲೆದಿದಾರೆ. ನಮಗೆ ಇರೋ ಜಾಗ ಎಷ್ಟು? ಬಸ್ಸಲ್ಲಿ ನಾಲ್ಕು ಸೀಟು, ಈ ಪಿಜಿ."

ಆ ಸುದ್ದಿ ನನಗೂ ಗೊತ್ತಿತ್ತು. ನಾಲ್ಸಾ ತೀರ್ಪಿಗೆ ಹನ್ನೊಂದು ವರ್ಷ ತುಂಬಿದ ಮಾರನೇ ದಿನವೇ ಅದು ಬಂದಿತ್ತು. ನಾನು ಆಗ ವಾಪಸ್ ಬಂದ ಅಫಿಡವಿಟ್ ಹಿಡಿದುಕೊಂಡು ಅಲೆಯುತ್ತಿದ್ದೆ. ಅದು ಅವರ ಕಾಯ್ದೆಯ ಪದಕ್ಕೆ ಅವರು ಹೇಳಿದ ಅರ್ಥ, ಇಲ್ಲಿಗೆ ಅನ್ವಯಿಸುವುದಿಲ್ಲ ಅಂದೆ. ಅದೇ ತೀರ್ಪಿನಲ್ಲಿ ಟ್ರಾನ್ಸ್ ಜನರಿಗೆ ತಾರತಮ್ಯದಿಂದ ರಕ್ಷಣೆ ಹಾಗೇ ಇದೆ ಅಂತಲೂ ಹೇಳಿದ್ದಾರೆ ಅಂದೆ. ಅವಳು ಬಿಡಲಿಲ್ಲ. "ಸರಿ, ನಮ್ಮ ಕಾಯ್ದೆಯಲ್ಲಿ ಲೇಡೀಸ್ ಹಾಸ್ಟೆಲ್ ಅಂದ್ರೆ ಯಾರಿಗೆ ಅಂತ ಎಲ್ಲಿ ಬರೆದಿದೆ ತೋರಿಸಿ." ಎಲ್ಲೂ ಬರೆದಿಲ್ಲ. ಬಾಡಿಗೆ ನಿರಾಕರಿಸಬೇಡಿ ಅಂತ ಇದೆ. ಹೆಂಗಸರಿಗೇ ಮೀಸಲಾದ ಬಚ್ಚಲಿನ ವಿಷಯ ಬಂದಾಗ ಏನು ಅಂತ ಆ ಕಾಯ್ದೆ ಒಂದು ಸಾಲೂ ಹೇಳುವುದಿಲ್ಲ. 2017ರ ಸ್ವಚ್ಛ ಭಾರತ್ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಶೌಚಾಲಯದ ಮಟ್ಟಿಗೆ ನಮಗೆ ಬೇಕಾದ ಕಡೆ ಹೋಗಬಹುದು ಅಂತ ಇದೆ. ಪಿಜಿಯ ಬಚ್ಚಲು ಸಾರ್ವಜನಿಕ ಶೌಚಾಲಯವೇ? ನನ್ನ ಚೀಟಿ ಅಲ್ಲಿಗೆ ಮುಗಿಯಿತು.

ಆಗ ನರ್ಸಿಂಗ್ ಮಾಡುವ ಹುಡುಗಿಯೊಬ್ಬಳು ಎದ್ದಳು. "ಕೋರ್ಟ್ ಬಿಡ್ರಿ ಅತ್ಲಾಗೆ. ಎರಡನೇ ಮಹಡಿ ಬಾತ್‌ರೂಮಿನ ಚಿಲಕ ಮುರಿದು ಆರು ತಿಂಗಳಾತು. ಬಕೆಟ್ ಅಡ್ಡ ಇಟ್ಕೊಂಡು ಸ್ನಾನ ಮಾಡ್ತೀವಿ. ಇವ್ರು ಬಂದ್ರೂ ಭಯ, ಪ್ಲಂಬರ್ ಬಂದ್ರೂ ಭಯ, ಆಂಟಿ ಮಗ ನೀರು ಬಿಡೋಕೆ ಮೇಲೆ ಹತ್ತಿದ್ರೂ ಭಯ."

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಚಿಲಕ, ಕಿಟಕಿಯ ಗಾಜು, ಬಟ್ಟೆ ಒಣಹಾಕುವ ಹಗ್ಗ ಪಕ್ಕದ ಮನೆಯ ತಾರಸಿಗೆ ಕಾಣುವುದು, ಗೇಟಿನ ಲೈಟು. ನನ್ನನ್ನು ಮರೆತೇಬಿಟ್ಟಿದ್ದರು. ಆಂಟಿ ಮುಖ ಕೆಂಪಗಾಗಿತ್ತು. ನಾನು ಗೋಡೆಗೆ ಒರಗಿ ಮಂಡಕ್ಕಿ ತಿಂದೆ. ಬಾಗಿಲು ಒದೆಸಿಕೊಂಡ ನನಗೆ ಚಿಲಕದ ಬಗ್ಗೆ ಯಾರೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಕೇಳಿದರು ಅಂತ ಆ ಒಂಬತ್ತು ರಾತ್ರಿಯ ಕಥೆ ಹೇಳಿದೆ. ಚೀಟಿಯಲ್ಲಿ ಬರೆದುಕೊಂಡಿರದ ಮಾತು ಅದು.

ಎಲ್ಲ ಅಲ್ಲಿಗೇ ಕರಗಿತು ಅಂದುಕೊಳ್ಳಬೇಡಿ. ಎರಡು ಪ್ರಶ್ನೆ ಉಳಿದವು. ಟೇಲರಿಂಗ್ ಮಾಡುವ, ನಲವತ್ತರ ಹತ್ತಿರದ ಅಕ್ಕ ಒಬ್ಬರು ಇದ್ದರು. ಅವರು ಮೆಲ್ಲಗೆ ಕೇಳಿದರು. "ನಿನ್ ಮೇಲೆ ನಂಗೆ ಅನುಮಾನ ಇಲ್ಲವ್ವ. ನಾಳೆ ಯಾವನೋ ಸೀರೆ ಉಟ್ಕೊಂಡು ಬಂದು ನಾನೂ ಹಿಂಗೇ ಅಂದ್ರೆ, ಆಂಟಿ ಹೆಂಗೆ ಕಂಡುಹಿಡೀತಾರೆ?" ಈ ಪ್ರಶ್ನೆ ಕೇಳಿದವರನ್ನೆಲ್ಲ ನಮ್ಮವರು ಕೆಟ್ಟವರು ಅಂದುಬಿಡುತ್ತಾರೆ. ನನಗೆ ಹಾಗೆ ಅನ್ನಲು ಆಗಲಿಲ್ಲ. ಅವರ ಕೈಯಲ್ಲಿ ಒಂದು ಸುಟ್ಟ ಕಲೆ ಇತ್ತು. ಯಾರು ಮಾಡಿದ್ದು ಅಂತ ಕೇಳಲಿಲ್ಲ. ನಾನು ಹೇಳಿದ್ದು ಇಷ್ಟೇ: ಬೇರೆಯವರನ್ನು ಹೇಗೆ ನೋಡುತ್ತೀರೋ ಹಾಗೇ ನೋಡಿ. ಐಡಿ ತಗೊಳ್ಳಿ, ಕೆಲಸದ ಜಾಗಕ್ಕೆ ಫೋನ್ ಮಾಡಿ, ಮನೆಯವರ ನಂಬರ್ ಇಸ್ಕೊಳ್ಳಿ. ತಪ್ಪು ಮಾಡಿದರೆ ಪೊಲೀಸರಿಗೆ ಕೊಡಿ, ಕಾರ್ಡು ಯಾರನ್ನೂ ಅದರಿಂದ ಉಳಿಸುವುದಿಲ್ಲ. ಅವರು ತಲೆ ಆಡಿಸಿದರು. ಒಪ್ಪಿದರೋ, ಸಾಕು ಅಂದರೋ ಗೊತ್ತಾಗಲಿಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಮೂಲೆಯಲ್ಲಿ ಕೂತಿದ್ದ ಹುಡುಗಿ, ಹೊಳಲ್ಕೆರೆ ಕಡೆಯವಳು, ಹೇಳಿದಳು. "ನಂಗೇನೂ ತೊಂದ್ರೆ ಇಲ್ಲ. ನಮ್ಮಪ್ಪಂಗೆ ಗೊತ್ತಾದ್ರೆ ಓದು ಬಿಡಿಸಿ ಮದುವೆ ಮಾಡ್ತಾನೆ. ಅವ್ನು ನೆಪ ಹುಡುಕ್ತಿದಾನೆ." ಇದಕ್ಕೆ ಯಾವ ಸೆಕ್ಷನ್ ಓದಲಿ?

ಆಂಟಿ ಎರಡು ದಿನ ಬಿಟ್ಟು ಫೋನ್ ಮಾಡಿದರು. ಮೇಲಿನ ಸ್ಟೋರ್ ರೂಮನ್ನು ಖಾಲಿ ಮಾಡಿಸಿ ಕೊಡುತ್ತಾರೆ. ಅದಕ್ಕೆ ಬೇರೆ ಬಚ್ಚಲು ಇದೆ. 1,500 ಜಾಸ್ತಿ. ಕೆಳಗಿನ ಬಚ್ಚಲುಗಳಿಗೆ ನಾನು ಹೋಗುವ ಹಾಗಿಲ್ಲ. ಮೂರು ತಿಂಗಳು ನೋಡುವುದು, ಆಮೇಲೆ ತೀರ್ಮಾನ. ನಾನು ಒಂದೇ ಕೇಳಿದೆ, ಎರಡನೇ ಮಹಡಿಯ ಚಿಲಕ ಹಾಕಿಸಿ ಅಂತ. ನಾನು ಬರುವ ಮೊದಲೇ ಹಾಕಿಸಿದ್ದರು. ಎಲ್ಲ ಬಾಗಿಲಿಗೂ.

ಬೆಂಗಳೂರಿನ ಗೆಳತಿಗೆ ಖುಷಿಯಿಂದ ಹೇಳಿದರೆ ಅವಳು ಬೈದಳು. "ಬೇರೆ ರೂಮು, ಬೇರೆ ಬಚ್ಚಲು, ಮೇಲೆ ಜಾಸ್ತಿ ದುಡ್ಡು. ಇದಕ್ಕೆ ಒಪ್ಕೊಂಡ್ಯಾ? ನಾಳೆ ಎಲ್ಲರಿಗೂ ಇದನ್ನೇ ಕೊಡ್ತಾರೆ." ಅವಳು ಹೇಳಿದ್ದು ಸರಿ. ನನಗೆ ನಿದ್ದೆ ಬೇಕಿತ್ತು.

ಜುಲೈ 1ಕ್ಕೆ ಒಳಗೆ ಬಂದೆ. ಬರೆಯಿಸಿಕೊಂಡ ಕಾಗದದಲ್ಲಿ ಬಾಡಿಗೆ, ಅಡ್ವಾನ್ಸು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಎಲ್ಲ ಇದೆ. ನೀವೂ ಬರೆಯಿಸಿಕೊಳ್ಳಿ. ಬಾಯಿಮಾತಿನಲ್ಲಿ ಬಂದವರನ್ನು ಬಾಯಿಮಾತಿನಲ್ಲೇ ಕಳಿಸುತ್ತಾರೆ.

ಹೊಳಲ್ಕೆರೆ ಕಡೆಯ ಹುಡುಗಿ ಆಗಸ್ಟ್‌ನಲ್ಲಿ ಬೇರೆ ಪಿಜಿಗೆ ಹೋದಳು. ಅಪ್ಪನಿಗೆ ಗೊತ್ತಾಗುವ ಮೊದಲೇ ಹೋಗುತ್ತೇನೆ ಅಂದಳಂತೆ. ಟ್ರಂಕು ಇಳಿಸುವಾಗ ನಾನು ಮೆಟ್ಟಿಲ ಮೇಲಿದ್ದೆ, ನನ್ನ ಕಡೆ ನೋಡಲಿಲ್ಲ. ಅವಳ ಮೇಲೆ ಸಿಟ್ಟಿಲ್ಲ ಅಂತ ಬರೆಯಬೇಕು ಅನ್ನಿಸುತ್ತದೆ. ಸ್ವಲ್ಪ ಇದೆ. ಅದಕ್ಕಿಂತ ಜಾಸ್ತಿ, ಅವಳ ಜಾಗದಲ್ಲಿ ನಾನಿದ್ದಿದ್ದರೆ ಅನ್ನುವ ಯೋಚನೆ ಬರುತ್ತದೆ. ನನ್ನಪ್ಪನೂ ನೆಪ ಹುಡುಕುವವನೇ.

ಮಧ್ಯೆ ಅಂಗಡಿಯ ವಿಷಯ ಹೇಳುವುದು ಮರೆತೆ. ಅಲ್ಲಿ ಕೆಲಸದವರಿಗೆ ಎರಡು ಟಾಯ್ಲೆಟ್, ಒಂದು ಗಂಡಸರಿಗೆ ಒಂದು ಹೆಂಗಸರಿಗೆ. ಮಾಲೀಕರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡಕ್ಕೂ ಹೋಗದೆ, ಬೆಳಗ್ಗೆಯಿಂದ ನೀರೇ ಕುಡಿಯದೆ ನಾಲ್ಕು ತಿಂಗಳು ಕಳೆದೆ. ಮೇ ತಿಂಗಳ ಸೆಕೆಯಲ್ಲಿ ಉರಿಮೂತ್ರ, ಜ್ವರ. ಡಾಕ್ಟರು, ಲ್ಯಾಬು, ಮಾತ್ರೆ ಸೇರಿ 940 ರೂಪಾಯಿ. ಇದನ್ನು ದಯವಿಟ್ಟು ಮಾಡಬೇಡಿ. ಸೇರಿದ ದಿನವೇ ಕೇಳಿ. 2020ರ ನಿಯಮಗಳಲ್ಲಿ ಕೆಲಸ ಕೊಡುವ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಇಟ್ಟುಕೊಳ್ಳಬೇಕು, ಎಲ್ಲರೂ ಬಳಸಬಹುದಾದ ಶೌಚಾಲಯದಂಥ ಸೌಕರ್ಯವೂ ಅದರಲ್ಲಿರಬೇಕು ಅಂತ ಇದೆ. ದೂರು ಕೇಳಲು ಒಬ್ಬರನ್ನು ನೇಮಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ನಾನು ಮಾಲೀಕರ ಮುಂದೆ ನಿಯಮ ತೆಗೆಯಲಿಲ್ಲ, ಡಾಕ್ಟರ ಚೀಟಿ ತೆಗೆದೆ. ಅವರು ಗಾಬರಿಯಾಗಿ ಗಿರಾಕಿಗಳಿಗೆ ಅಂತ ಇದ್ದ ಮೂರನೇ ಟಾಯ್ಲೆಟ್ಟಿನ ಬೋರ್ಡು ತೆಗೆಸಿ ಯಾರು ಬೇಕಾದರೂ ಹೋಗಲಿ ಅಂದರು. ಈಗ ಅಲ್ಲಿ ಯಾವ ಬೊಂಬೆಯ ಚಿತ್ರವೂ ಇಲ್ಲ. ಚಿಲಕ ಇದೆ.

ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟು ಜೇನ್ ಕೌಶಿಕ್ ಅವರ ಕೇಸಿನಲ್ಲಿ ತೀರ್ಪು ಕೊಟ್ಟಿತು. ಟ್ರಾನ್ಸ್ ಮಹಿಳೆ ಅನ್ನುವ ಕಾರಣಕ್ಕೆ ಎರಡು ಶಾಲೆಗಳಲ್ಲಿ ಕೆಲಸ ತಪ್ಪಿತು ಅಂತ ಕೋರ್ಟಿಗೆ ಹೋದ ಟೀಚರ್ ಅವರು. ಪರಿಹಾರ ಕೊಡಿಸಿತು. ಸಮಾನ ಅವಕಾಶ ನೀತಿ ರೂಪಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿಯನ್ನೂ ಮಾಡಿತು. ಇದನ್ನು ನನಗೆ ತೋರಿಸಿದ್ದು ಅದೇ ಎಲ್‌ಎಲ್‌ಬಿ ಹುಡುಗಿ. ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ಮೊಬೈಲ್ ಚಾಚಿದಳು. "ನನ್ನ ಅಭಿಪ್ರಾಯ ಬದಲಾಗಿಲ್ಲ ಅಕ್ಕ. ಆದ್ರೆ ಇದು ನಿಮ್ಗೆ ಉಪಯೋಗಕ್ಕೆ ಬರುತ್ತೆ" ಅಂದಳು. ಒಳಗೆ ಬಾ ಅಂದೆ. ಬರಲಿಲ್ಲ.

ಬಸ್ಸಿನದೂ ಒಂದು ಮಾತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ನಮಗೂ ಸರ್ಕಾರಿ ಬಸ್ಸಿನಲ್ಲಿ ಉಚಿತ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ನಡೆಯುವುದಿಲ್ಲ. ಆಧಾರ್ ತಿದ್ದಿಸಿದ ಮೇಲೆ ಕಂಡಕ್ಟರ್ ಹತ್ತಿರ ವಾದ ಕಡಿಮೆಯಾಗಿದೆ, ಸೊನ್ನೆ ಟಿಕೆಟ್ ಹರಿದು ಕೊಡುತ್ತಾರೆ. ಮುಂದಿನ ಹೆಂಗಸರ ಸೀಟಿನಲ್ಲಿ ಕೂತರೆ ಪಕ್ಕದವರು ಕೆಲವರು ಏಳುತ್ತಾರೆ, ಕೆಲವರು ಮಗು ಕೊಟ್ಟು ಹಿಡ್ಕೋ ಅನ್ನುತ್ತಾರೆ. ಯಾವುದು ಆಗುತ್ತದೆ ಅಂತ ಹತ್ತುವ ಮೊದಲು ಹೇಳಲಾಗುವುದಿಲ್ಲ.

ಮೂರು ತಿಂಗಳು ಮುಗಿದ ಮೇಲೂ ಆಂಟಿ ಏನೂ ಹೇಳಲಿಲ್ಲ. ನಾನೂ ಕೇಳಲು ಹೆದರಿ ಸುಮ್ಮನಿದ್ದೆ. ಅಕ್ಟೋಬರ್ ಕೊನೆಯಲ್ಲಿ ಪಿಜಿಯ ಮೋಟಾರ್ ಸುಟ್ಟುಹೋಯಿತು. ದಾವಣಗೆರೆಯ ನೀರಿನ ಕಥೆ ಗೊತ್ತಲ್ಲ, ನಲ್ಲಿ ದಿನಾ ಬರುವುದಿಲ್ಲ. ಕೆಳಗಿನ ಬಚ್ಚಲುಗಳೆಲ್ಲ ಒಣಗಿದವು. ನನ್ನ ಬಚ್ಚಲಿಗೆ ಮಾತ್ರ ಬೇರೆಯದೇ ಹಳೇ ಸಣ್ಣ ಟ್ಯಾಂಕು, ಅದರಲ್ಲಿ ನೀರಿತ್ತು.

ಬೆಳಗ್ಗೆ ಐದೂವರೆಗೆ ಬಾಗಿಲು ಬಡಿದರು. ಎದೆ ಧಸಕ್ಕೆಂದಿತು, ಆ ಶಬ್ದಕ್ಕೆ ನನ್ನ ಮೈ ಇನ್ನೂ ಹಾಗೇ. ತೆಗೆದರೆ ನರ್ಸಿಂಗ್ ಹುಡುಗಿ, ಹೆಗಲ ಮೇಲೆ ಟವೆಲ್. "ಅಕ್ಕ, ಡ್ಯೂಟಿ ಐತಿ, ಎರಡೇ ಚೊಂಬು." ಅವಳ ಹಿಂದೆ ಇನ್ನೊಬ್ಬಳು. ಏಳು ಗಂಟೆಗೆ ಮೆಟ್ಟಿಲ ತುಂಬ ಕ್ಯೂ. ಟೇಲರಿಂಗ್ ಅಕ್ಕ ನನ್ನ ಮಂಚದ ಮೇಲೆ ಕೂತು ಜಡೆ ಬಿಚ್ಚುತ್ತಿದ್ದರು. ಎಲ್‌ಎಲ್‌ಬಿ ಹುಡುಗಿ ಬಾಗಿಲು ಕುಟ್ಟಿ ಒಳಗಿದ್ದವಳಿಗೆ "ಎಷ್ಟೊತ್ತೇ, ಕ್ಲಾಸಿಗೆ ಹೋಗಲ್ವಾ" ಅಂತ ಕೂಗುತ್ತಿದ್ದಳು. ನನ್ನ ಸರದಿ ಬಂದಾಗ ನಲ್ಲಿಯಲ್ಲಿ ಗಾಳಿ. ಬಾಟಲಿಯ ನೀರಿನಲ್ಲಿ ಮುಖ ತೊಳೆದು ಅಂಗಡಿಗೆ ಹೋದೆ, ಅರ್ಧ ಗಂಟೆ ತಡವಾಯಿತು.

ಮೂರನೇ ದಿನ ಮೋಟಾರ್ ರಿಪೇರಿಯಾಯಿತು. ಕ್ಯೂ ಹೋಯಿತು. ಕೆಳಗಿನ ಬಚ್ಚಲಿಗೆ ನಾನು ಹೋಗುವ ಹಾಗಿಲ್ಲ ಅನ್ನುವ ಕರಾರು ಹಾಗೇ ಇದೆ. ಅವತ್ತು ಸಂಜೆ ಆಂಟಿ ತಾರಸಿಗೆ ಬಂದು ಟ್ಯಾಂಕಿನ ಮುಚ್ಚಳ ನೋಡುತ್ತಾ, ಇನ್ನೊಂದು ವರ್ಷಕ್ಕೆ ಕಾಗದ ಬರೆದುಕೋ ಅಂದರು. ಹಾಗಾದರೆ ಆ 1,500 ತೆಗೀತೀರಾ ಆಂಟಿ ಅಂತ ಕೇಳಿದೆ.

"ಅದು ಹೆಂಗಾಗುತ್ತೆ? ಮಹಡಿ ರೂಮಿಗೆ ಗಾಳಿ ಜಾಸ್ತಿ ಅಲ್ವಾ" ಅಂದರು.